ಅತ್ತೆ ಕುಳಿತರೆ ಕರೆಂಟು ಹೋಗುತ್ತದೆ

ನಮ್ಮ ಅತ್ತೆ ಕುಳಿತರೆ ಕರೆಂಟು ಹೋಗುತ್ತದೆ.

ನಗಬೇಡಿ. ಹೋದ ವಾರ ಇದನ್ನು ಎರಡು ಊರಿನ ಜನ ಕಣ್ಣಾರೆ ಕಂಡಿದ್ದಾರೆ. ಅವರು ನಿಂತಿದ್ದರೆ ಎಲ್ಲ ಸುಸೂತ್ರ. ಲೈಟು ಉರಿಯುತ್ತದೆ, ಫ್ರಿಜ್ಜು ಗುಂಯ್ ಎನ್ನುತ್ತದೆ. ಕುಳಿತರೋ, ಟಕ್. ಕತ್ತಲು. ಸವದತ್ತಿಯಲ್ಲಂತೂ ಇದನ್ನು ನೋಡಲೆಂದೇ ಓಣಿಯ ಅರ್ಧ ಜನ ಸೇರಿದ್ದರು. (ಇನ್ನರ್ಧ ಜನ ಧಾರಾವಾಹಿ ಮುಗಿಸಿ ಬಂದರು.)

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನಮ್ಮ ಮನೆಯವರು ಹೊಸಬರಲ್ಲ. ಬೈಲಹೊಂಗಲದಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾರೆ. ತಲೆಯಲ್ಲಿ ಯಾವಾಗಲೂ ಒಂದು ಹೊಸ ಐಡಿಯಾ ಓಡುತ್ತಿರುತ್ತದೆ. ಒಂದು ದಿನ ಕೇಬಲ್ ಟಿ.ವಿ.ಯಲ್ಲಿ ಯಾವುದೋ ದೇಶದ ಮುದುಕ-ಮುದುಕಿ ಮನೆಯನ್ನೇ ಗಾಡಿಯಲ್ಲಿಟ್ಟುಕೊಂಡು ಊರೂರು ತಿರುಗುವುದನ್ನು ನೋಡಿದರು. ಅಡುಗೆ ಅದರಲ್ಲೇ, ಹಾಸಿಗೆ ಅದರಲ್ಲೇ. ರಿಮೋಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆ ನೋಟ ನನಗೆ ಗೊತ್ತು. ಹಿಂದೊಮ್ಮೆ ಅದೇ ನೋಟದಿಂದ ನಮ್ಮ ಮನೆಗೆ ಎಂಟು ಎಮು ಕೋಳಿ ಬರುವುದರಲ್ಲಿದ್ದವು.

ಆದರೆ ಈ ಸಲ ನಾನು ಬೇಡ ಎನ್ನಲಿಲ್ಲ. ಕಾರಣ ಅತ್ತೆ.

ಅತ್ತೆಯ ಹೆಸರು ಗಂಗವ್ವ. ಮೊಣಕಾಲು ಎರಡೂ ಕೈಕೊಟ್ಟಿವೆ. ಬಸ್ಸಿನ ಮೆಟ್ಟಿಲು ಹತ್ತಲಾರರು. ಹತ್ತಿದರೂ ಹೊರಗಿನ ನೀರು ಕುಡಿಯುವುದಿಲ್ಲ, ಹೋಟೆಲಿನ ಅನ್ನ ಮುಟ್ಟುವುದಿಲ್ಲ, ಲಿಂಗಪೂಜೆ ಆಗದೆ ಬಾಯಲ್ಲಿ ಏನೂ ಹಾಕುವುದಿಲ್ಲ. ಅವರಿಗೆ ಒಬ್ಬಳೇ ತಂಗಿ, ನೀಲವ್ವ, ರಾಮದುರ್ಗದಲ್ಲಿ. ಅಕ್ಕ-ತಂಗಿ ಮುಖ ನೋಡಿ ವರ್ಷಗಳಾಗಿದ್ದವು. ಫೋನಿನಲ್ಲಿ ಮಾತಾಡುತ್ತಾರೆ, ಇಬ್ಬರೂ ಒಂದೇ ಸಲಕ್ಕೆ. ಇಟ್ಟ ಮೇಲೆ ಅತ್ತೆ ಸ್ವಲ್ಪ ಹೊತ್ತು ಫೋನಿನ ಹತ್ತಿರವೇ ಕುಳಿತಿರುತ್ತಾರೆ. ನಾನು ಅಡುಗೆ ಮನೆಯಿಂದ ನೋಡಿದ್ದೇನೆ.

ಹೀಗಾಗಿ ಒಂದು ಹಳೇ ಮಿನಿಬಸ್ಸು ಬಂತು. ಸೀಟು ಕಿತ್ತರು. ಒಂದು ಬದಿಗೆ ಒಲೆ, ಸಣ್ಣ ಫ್ರಿಜ್ಜು, ಮಿಕ್ಸರ್ ಇಡಲು ಕಟ್ಟೆ. ಹಿಂದೆ ಎದುರು ಬದುರು ಎರಡು ಮಂಚ. ಬಲಗಡೆಯದು ಅತ್ತೆಯದು. ಅದರ ತಲೆಯ ಹತ್ತಿರ ಪೂಜೆಗೆ ಒಂದು ಗೂಡು. ಆ ಮಂಚದ ಮೇಲೆ ಅವರ ಹೊರತು ಯಾರೂ ಕೂರುವಂತಿಲ್ಲ, ನಾನೂ ಸಹ. ಎಲ್ಲ ಮುಗಿದ ಮೇಲೆ, ಮಂಚ ಎತ್ತರ ಆಯಿತು ಅವ್ವನ ಕಾಲು ನೆಲಕ್ಕೆ ಮುಟ್ಟುವುದಿಲ್ಲ ಎಂದು ನಮ್ಮ ಮನೆಯವರು ತಾವೇ ನಿಂತು ಅದನ್ನು ನಾಲ್ಕು ಬೆರಳು ಇಳಿಸಿದರು. ಹೋದ ಊರಲ್ಲಿ ಯಾರದಾದರೂ ಮನೆಯ ಮುಂದೆ ನಿಲ್ಲಿಸುವುದು, ಅವರ ಪ್ಲಗ್ಗಿನಿಂದ ಉದ್ದ ವಾಯರು ಎಳೆದು ಗಾಡಿಗೆ ಕರೆಂಟು ಕೊಡುವುದು. ಇದು ಪ್ಲಾನು.

ನನ್ನದು ಒಂದೇ ಷರತ್ತು. ನಮ್ಮ ಬಚ್ಚಲು ಮನೆಯಲ್ಲಿ ಇರುವಂಥ ಟ್ರಿಪ್ ಸ್ವಿಚ್ಚು ಗಾಡಿಯಲ್ಲೂ ಬೇಕು. ಅದೇ, ಶಾಕ್ ಹೊಡೆಯದ ಹಾಗೆ ಕಾಯುತ್ತದಲ್ಲ, ಅದು. ಏನು ಮಾಡುತ್ತದೆ ಎಂದು ಕೇಳುವಿರಾ? ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಹೊರಟ ಟೀಚರ್ ಇದ್ದಂತೆ. ಹೋಗುವಾಗ ಎಣಿಸುತ್ತದೆ, ಬರುವಾಗ ಎಣಿಸುತ್ತದೆ. ಹೋದ ಕರೆಂಟು ಪೂರಾ ವಾಪಸ್ ಬರಲಿಲ್ಲವೋ, ದಾರಿಯಲ್ಲಿ ಎಲ್ಲೋ ಸೋರಿದೆ ಎಂದು ತಿಳಿದು ತಕ್ಷಣ ಎಲ್ಲ ಬಂದ್ ಮಾಡಿ ಕೆಳಗೆ ಬೀಳುತ್ತದೆ.

ನಮ್ಮ ಮನೆಯವರು ಗೊಣಗಿದರು. ಹಾಕಿಸಿದರು.

ಮೊದಲ ಮುಕ್ಕಾಂ ಮುನವಳ್ಳಿ. ನವಿಲುತೀರ್ಥದ ಡ್ಯಾಮು ನೋಡಿಕೊಂಡು ಸಂಜೆ ಅಂಗಡಿಯ ಹಳೇ ಗಿರಾಕಿಯೊಬ್ಬರ ಮನೆಯ ಮುಂದೆ ಗಾಡಿ ನಿಲ್ಲಿಸಿದೆವು. ವಾಯರು ಎಳೆದೆವು. ಲೈಟು ಹತ್ತಿತು. ನಮ್ಮ ಮನೆಯವರ ಮುಖದಲ್ಲೂ. ಅತ್ತೆ ಇಡೀ ದಿನದ ದಣಿವಿನಿಂದ ನಿಟ್ಟುಸಿರು ಬಿಟ್ಟು ತಮ್ಮ ಮಂಚದ ಮೇಲೆ ಕುಳಿತರು.

ಟಕ್.

ಅತ್ತೆ ಏನಾಯಿತೆಂದು ಎದ್ದರು. ಇವರು ಸ್ವಿಚ್ಚು ಎತ್ತಿದರು. ಬಂತು. ಅತ್ತೆ ಕುಳಿತರು. ಹೋಯಿತು. ಫ್ರಿಜ್ಜಿನದೇ ತಕರಾರು ಎಂದು ಇವರು ಅದರ ಪಿನ್ನು ಕಿತ್ತರು. ಅಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. ಸ್ವಿಚ್ಚು ಎತ್ತಿದರು, ಬಂತು. ‘ನೋಡ್ರಿ, ಫ್ರಿಜ್’ ಎಂದು ಇವರು ಗೆದ್ದವರಂತೆ ನಮ್ಮ ಕಡೆ ತಿರುಗುವಷ್ಟರಲ್ಲಿ ಅತ್ತೆ ಕುಳಿತರು. ಹೋಯಿತು.

ಮೊದಲು ಹಿಡಿದವರು ಅತ್ತೆಯೇ. ಎಂಥ ಚುರುಕು ಕಣ್ಣು ನೋಡಿ.

“ನಾ ಕುಂತರ ಹೋಗತೈತಿ ನೋಡೋ,” ಎಂದರು ಕತ್ತಲಲ್ಲಿ.

“ಯವ್ವಾ, ಕರೆಂಟಿಗೆ ನಿನ್ನ ಗುರ್ತ ಎಲ್ಲಿಂದ ಬರಬೇಕು?” ಎಂದು ಮಗ ನಕ್ಕರು.

ಅತ್ತೆಯೂ ನಕ್ಕರು. ನಾನೂ ನಕ್ಕೆ. ಆ ರಾತ್ರಿ ಮೇಣದ ಬತ್ತಿ ಹಚ್ಚಿಕೊಂಡು ಶೇಂಗಾ ಚಟ್ನಿ, ರೊಟ್ಟಿ ಉಂಡು ಮಲಗಿದೆವು. ಇದೂ ಒಂದು ಮಜಾ ಎಂದುಕೊಂಡೆವು.

ಮರುದಿನ ಸವದತ್ತಿ. ಅಲ್ಲಿ ನಮ್ಮ ಮನೆಯವರ ಅಕ್ಕ ಶಾಂತಕ್ಕನ ಮನೆ. ವಾಯರು ಎಳೆದೆವು, ಅತ್ತೆ ಕುಳಿತರು, ಟಕ್. ಶಾಂತಕ್ಕನಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಕುಳಿತು ತೋರಿಸಲು ಹೇಳಿದರು. ಟಕ್. ಅವರು ಪಕ್ಕದ ಮನೆಯವರನ್ನು ಕರೆದರು. ಪಕ್ಕದ ಮನೆಯವರು ಎದುರು ಮನೆಯವರನ್ನು ಕರೆದರು.

ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಊರುಗಳಲ್ಲಿ ಡಾಕ್ಟರು ಕಡಿಮೆ ಇರಬಹುದು, ಡಯಾಗ್ನೋಸಿಸ್‌ಗೆ ಎಂದಾದರೂ ಬರ ಬಿದ್ದಿದೆಯೇ? ಒಬ್ಬರು ಮಿಕ್ಸರ್ ಎಂದರು. ಒಬ್ಬರು ವೋಲ್ಟೇಜು ಎಂದರು. ಒಬ್ಬರು ಸ್ವಿಚ್ಚೇ ನಾಜೂಕು, ಇಂಥ ಫ್ಯಾಶನ್ ಮಾಲು ನಮ್ಮ ಕಡೆಯ ಹವಾಕ್ಕೆ ತಾಳುವುದಿಲ್ಲ ಎಂದರು. ಮೈಯಲ್ಲಿ ಉಷ್ಣ ಹೆಚ್ಚಾದವರ ಹತ್ತಿರ ಕೈಗಡಿಯಾರ ನಿಲ್ಲುತ್ತದಂತೆ, ಹಾಗೇ ಇದೂ ಎಂದು ಒಬ್ಬ ರಿಟೈರ್ಡ್ ಮೇಷ್ಟ್ರು ವಿವರಿಸಿದರು. ಪರೀಕ್ಷೆಗೆಂದು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಗಾಡಿ ಹತ್ತಿ ಎಡಗಡೆಯ ಮಂಚದ ಮೇಲೆ ಕುಳಿತರು. (ಬಲಗಡೆಯದು ಪೂಜೆಯ ಜಾಗವಲ್ಲವೇ? ಯಾರು ಕೂರುತ್ತಾರೆ?) ದಪ್ಪದವರು ಕುಳಿತರು, ತೆಳ್ಳಗಿನವರು ಕುಳಿತರು. ಲೈಟು ಅಲುಗಲಿಲ್ಲ. ಅತ್ತೆ ತಮ್ಮ ಜಾಗದಲ್ಲಿ ಕುಳಿತರು. ಟಕ್.

ಎಲ್ಲರೂ ಹೋ ಎಂದು ನಕ್ಕರು.

ಅತ್ತೆ ಮೊದಮೊದಲು ನಗುತ್ತಲೇ ಇದ್ದರು. ಜನ ಹೇಳಿದಾಗ ಏಳುತ್ತಿದ್ದರು, ಹೇಳಿದಾಗ ಕೂರುತ್ತಿದ್ದರು. ಆಮೇಲೆ ಯಾರೋ ಮೆಲ್ಲಗೆ ಶನಿಯ ಸಾಡೇಸಾತಿ ಎಂದರು. ಇನ್ನಾರೋ ನಿಂಬೆಹಣ್ಣಿನಿಂದ ದೃಷ್ಟಿ ತೆಗೆಯಲು ಹೇಳಿದರು. ಅತ್ತೆಯ ನಗು ಎಲ್ಲಿ ನಿಂತಿತು ಎಂದು ನಾನು ಗಮನಿಸಲಿಲ್ಲ. ಗಮನಿಸಿದಾಗ ಅವರು ಗಾಡಿಯಲ್ಲಿರಲಿಲ್ಲ. ಶಾಂತಕ್ಕನ ಅಡುಗೆ ಮನೆಯಲ್ಲಿ ಗೋಡೆಗೆ ಒರಗಿ, ನೋಯುವ ಕಾಲನ್ನು ಉದ್ದ ಚಾಚಿಕೊಂಡು ಕೂತಿದ್ದರು.

ಊಟಕ್ಕೆ ಏಳಿಸಲು ಹೋದೆ. ನನ್ನ ಮುಖ ನೋಡದೆ ಹೇಳಿದರು:

“ನೀವಿಬ್ರೂ ಹೋಗಿ ಬರ್ರಿ. ನೀಲವ್ವಗ ನಾ ಕೇಳೇನಿ ಅಂತ ಹೇಳ್ರಿ. ನಾ ಇಲ್ಲೇ ಇರತೇನಿ.”

ಏಕೆ ಎಂದು ಕೇಳಿದೆ. ಅಲ್ಲಿ ಹೋದರೂ ಇದೇ ಆಗುತ್ತದೆ, ತಂಗಿಯ ಮನೆಯ ಕರೆಂಟನ್ನೂ ಹಾಳು ಮಾಡಿ ಅವಳ ಬೀಗರ ಮುಂದೆ ನಗೆಪಾಟಲಾಗುವುದು ಬೇಡ ಎಂದರು. ನಾನು ಏನೇನೋ ಹೇಳಿದೆ. ಅವರು ಹೂಂ ಎಂದರು ಅಷ್ಟೇ. ನಂಬಲಿಲ್ಲ. ಓಣಿಗೆ ಓಣಿಯೇ ಒಂದು ಮಾತು ಹೇಳುವಾಗ ಸೊಸೆಯ ಮಾತನ್ನು ಯಾರು ನಂಬುತ್ತಾರೆ?

ನಮ್ಮ ಮನೆಯವರಿಗೆ ಇದನ್ನು ಹೇಳಿದೆ. ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಒಬ್ಬ ವಾಯರ್‌ಮನ್‌ನನ್ನು ಕರೆತಂದರು. ಅವನು ಬಂದ, ಬೋರ್ಡು ಬಿಚ್ಚಿದ, ಟ್ರಿಪ್ ಸ್ವಿಚ್ಚನ್ನು ನಡುವಿನಿಂದ ತೆಗೆದು ಎರಡೂ ಕಡೆಯ ವಾಯರನ್ನು ನೇರವಾಗಿ ಜೋಡಿಸಿದ.

ನಮ್ಮ ಭಾಷೆಯಲ್ಲಿ ಇದಕ್ಕೆ ‘ಡೈರೆಕ್ಟ್ ಮಾಡುವುದು’ ಎನ್ನುತ್ತಾರೆ. ನಿಮಗೆ ಹೇಳಿಕೊಡಬೇಕೆ? ಫ್ಯೂಸು ಪದೇ ಪದೇ ಹೋದರೆ ದಪ್ಪ ತಂತಿ ಹಾಕುತ್ತೇವೆ. ಹೊಲದ ಸ್ಟಾರ್ಟರ್ ಪದೇ ಪದೇ ಬಿದ್ದರೆ ಸಂದಿಗೆ ಒಂದು ಕಡ್ಡಿ ಸಿಕ್ಕಿಸುತ್ತೇವೆ. ಕುಕ್ಕರಿನ ಸೇಫ್ಟಿ ವಾಲ್ವ್ ಸೋರಿದರೆ ಮುಚ್ಚಿ ಬಿಡುತ್ತೇವೆ. ಬೊಗಳುವ ನಾಯಿಯನ್ನು ಕಳ್ಳನಿಗಿಂತ ಮೊದಲು ಮನೆಯವರೇ ಓಡಿಸಿದಂತೆ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಅವ್ವನ ಕೈ ಹಿಡಿದು ಗಾಡಿ ಹತ್ತಿಸಿ ಮಂಚದ ಮೇಲೆ ಕೂರಿಸಿದ್ದರು. ಲೈಟು ಉರಿಯುತ್ತಲೇ ಇತ್ತು. ಅತ್ತೆ ಒಮ್ಮೆ ಎದ್ದು ಮತ್ತೆ ಕುಳಿತರು. ಉರಿಯುತ್ತಲೇ ಇತ್ತು.

“ನೋಡವ್ವಾ. ನಿನ್ನ ತಪ್ಪಲ್ಲ, ಸ್ವಿಚ್ಚಿಂದು,” ಎಂದರು ಇವರು.

ಅತ್ತೆ ಲೈಟನ್ನೇ ನೋಡುತ್ತಿದ್ದರು. ಆ ಮುಖ ನೋಡಿ ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಅವರ ಮುಖ ನೀವು ನೋಡಿದ್ದರೆ ನೀವೂ ಮುಚ್ಚಿಕೊಳ್ಳುತ್ತಿದ್ದಿರಿ.

ಮೂರನೇ ದಿನ ಬೆಳಿಗ್ಗೆ ರಾಮದುರ್ಗ. ಅಕ್ಕ ಬರುತ್ತಾಳೆಂದು ನೀಲವ್ವ ಚಿಗವ್ವ ಅಂಗಳ ಸಾರಿಸಿ, ನೀರು ಹೊಡೆದು, ರಂಗೋಲಿ ಹಾಕಿ ಕಾಯುತ್ತಿದ್ದರು. ನಾವು ಬರುವಾಗ ಒಳಗೆ ಒಲೆಯ ಮೇಲೆ ಏನೋ ಇಟ್ಟಿದ್ದರಂತೆ, ಹೊರಗೆ ಕಾಣಲಿಲ್ಲ. ಇವರು ರೂಢಿಯಂತೆ ಮೊದಲು ವಾಯರು ಎಳೆದರು. ಹಳೇ ಮನೆ. ಪ್ಲಗ್ಗಿಗೆ ಎರಡೇ ತೂತು. ಮುನವಳ್ಳಿ, ಸವದತ್ತಿಗಳಲ್ಲಿ ಮೂರು ಇದ್ದವು. ಮೂರನೆಯ ಪಿನ್ನು ಬಿಟ್ಟು ಉಳಿದೆರಡಕ್ಕೆ ಹೇಗೋ ಜೋಡಿಸಿ ಬಂದರು. ಅತ್ತೆ ಸೀರೆ ಸರಿಮಾಡಿಕೊಂಡು ಇಳಿಯೋಣವೆಂದು ಮಂಚದ ಮೇಲೆ ಕುಳಿತು ಹೆರಳು ಹಾಕಿಕೊಳ್ಳುತ್ತಿದ್ದರು. ತಂಗಿಯ ಮುಂದೆ ಕೆದರಿದ ಕೂದಲಲ್ಲಿ ಹೋಗಲು ಮನಸ್ಸಿಲ್ಲ.

ತಂಗಿಗೆ ಅಷ್ಟು ತಾಳ್ಮೆ ಎಲ್ಲಿ? ಒಳಗಿಂದ ಬರಿಗಾಲಲ್ಲಿ ಓಡಿ ಬಂದರು. ಒದ್ದೆ ಅಂಗಳ ದಾಟಿ, “ಅಕ್ಕಾ” ಎನ್ನುತ್ತ ಗಾಡಿಯ ಬಾಗಿಲಿನ ಕಬ್ಬಿಣದ ಹಿಡಿಕೆ ಹಿಡಿದರು.

ಮುಂದಿನ ಅರ್ಧ ಮಾತು ಬಾಯಿಂದ ಬರಲಿಲ್ಲ. ಮೈ ಒಮ್ಮೆ ಸೆಟೆದು, ಯಾರೋ ಎತ್ತಿ ಒಗೆದ ಹಾಗೆ ಹಿಂದಕ್ಕೆ ಬಿದ್ದರು. ಆಗಲೇ ಇಳಿದು ಅಂಗಳದಲ್ಲಿ ಅವರ ಹಿಂದೆಯೇ ನಿಂತಿದ್ದ ನನ್ನ ಮೈಮೇಲೆ ಬಿದ್ದದ್ದರಿಂದ ತಲೆ ನೆಲಕ್ಕೆ ಬಡಿಯಲಿಲ್ಲ. ಬಳೆ ಒಡೆದು ರಂಗೋಲಿಯ ಮೇಲೆ ಚೆಲ್ಲಿತು.

ಗಾಡಿಯೊಳಗೆ ಅತ್ತೆ ಗಾಬರಿಯಿಂದ ಎದ್ದು ನಿಂತರು. ಇವರು ಓಡಿ ಬಂದರು. ಕಾಲು ತೊಳೆಯಲೆಂದು ಚಪ್ಪಲಿ ಬಿಟ್ಟಿದ್ದರು, ಬರಿಗಾಲು. ಹಿಡಿಕೆಯನ್ನು ಕೈಯ ಹಿಂಭಾಗದಿಂದ ಮೆಲ್ಲಗೆ ಮುಟ್ಟಿ ನೋಡಿದರು. ಏನೂ ಇಲ್ಲ. ಇನ್ನೊಮ್ಮೆ ಮುಟ್ಟಿದರು. ಏನೂ ಇಲ್ಲ. ಚಿಗವ್ವನಿಗೆ ತಲೆ ತಿರುಗಿರಬೇಕು ಎಂದು ನಮ್ಮ ಕಡೆ ತಿರುಗಿದರು. ಕೈ ಇನ್ನೂ ಅಲ್ಲೇ ಇತ್ತು.

ತಂಗಿಯನ್ನು ನೆಲದ ಮೇಲೆ ನೋಡಿದ ಅತ್ತೆ ಮಂಚದ ಮೇಲೆ ದೊಪ್ಪನೆ ಕುಳಿತರು.

ನಮ್ಮ ಮನೆಯವರು ಅಂಗಳದಲ್ಲಿ ಒಂದು ಮಾರು ದೂರ ಹಾರಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಅಷ್ಟು ಚುರುಕಾಗಿ ಅಲುಗಿದ್ದನ್ನು ನಾನು ಕಂಡಿರಲಿಲ್ಲ. (ಈಗ ನಗು ಬರುತ್ತದೆ. ಆಗ ಬರಲಿಲ್ಲ.) ನಾನು ಮನೆಯೊಳಗೆ ಓಡಿ ಪ್ಲಗ್ಗು ಕಿತ್ತು ಒಗೆದೆ.

ಚಿಗವ್ವನಿಗೆ ನೀರು ಕುಡಿಸಿದೆವು. ಕೈ ಜೋಮು ಹಿಡಿದಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ನೋಡಿ, ಏನೂ ಆಗಿಲ್ಲ, ದೈವ ದೊಡ್ಡದು ಎಂದರು. ವಾಪಸ್ ಬಂದದ್ದೇ ತಡ, ಅಕ್ಕ-ತಂಗಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಇಬ್ಬರೂ ಒಂದೇ ಸಲಕ್ಕೆ ಮಾತಾಡಲು ಸುರು ಮಾಡಿದರು.

ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಕೊನೆಗೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು:

“ಅವ್ವ ಎದ್ದಾಗ ಇರಲಿಲ್ಲ. ಕುಂತಾಗ ಬಂತು. ಹೌದಲ್ಲ?”

ಹೌದು ಎಂದೆ. ಕರೆಂಟಿಗೆ ಅತ್ತೆಯ ಗುರುತು ಇರುವುದಂತೂ ಖರೆ. ಆದರೆ ಹೇಗೆ?

ಈ ಸಲ ಓಣಿಯನ್ನು ಕರೆಯಲಿಲ್ಲ. ಅಂಗಳ ಒಣಗುವವರೆಗೆ ಕಾದೆವು. ಎಲ್ಲರೂ ರಬ್ಬರ್ ಚಪ್ಪಲಿ ಮೆಟ್ಟಿದೆವು. ಫ್ರಿಜ್ಜು, ಮಿಕ್ಸರ್, ಫ್ಯಾನು, ಹೀಟರು, ಎಲ್ಲದರ ಪಿನ್ನು ಕಿತ್ತೆವು. ಇವರು ಅಂಗಡಿಯ ಟೆಸ್ಟರ್ ತೆಗೆದುಕೊಂಡು ಹೊರಗೆ ನಿಂತು ಬಾಗಿಲ ಹಿಡಿಕೆಗೆ ಮುಟ್ಟಿಸಿದರು. ಅತ್ತೆ ನಿಂತಿದ್ದರು. ಟೆಸ್ಟರ್ ಹತ್ತಲಿಲ್ಲ. ಅತ್ತೆ ಕುಳಿತರು. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಚುಕ್ಕಿ ಹೊಳೆಯಿತು.

ಅಂದರೆ ಫ್ರಿಜ್ಜಲ್ಲ. ಮಿಕ್ಸರಲ್ಲ. ಯಾವ ಮಷೀನೂ ಅಲ್ಲ.

ಆಗ ನನಗೆ ಒಂದು ಯೋಚನೆ ಬಂತು. ಇಷ್ಟು ದಿನ ನಾವು ಕೂತವರನ್ನು ನೋಡಿದೆವು. ಕೂತ ಜಾಗವನ್ನು ಯಾರಾದರೂ ನೋಡಿದ್ದೆವೇ?

“ಅತ್ತೀ, ನೀವು ಏಳ್ರಿ. ನಾ ಕುಂದ್ರತೇನಿ,” ಎಂದೆ.

ಅತ್ತೆ ಪೂಜೆಯ ಗೂಡನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮ ಕೈಯಿಂದಲೇ ಹಾಸಿಗೆಯ ಮೇಲಿನ ಧೂಳು ಝಾಡಿಸಿ ಜಾಗ ಬಿಟ್ಟರು. ನಾನು ಕುಳಿತೆ.

ಹೊರಗಿನಿಂದ ಇವರ ದನಿ ಬಂತು. ಹತ್ತೈತಿ ಎಂದರು.

ಎದ್ದೆ. ಆರಿತು. ಕುಳಿತೆ. ಹತ್ತಿತು. ಅತ್ತೆಗೆ ಇದ್ದ ಶಕ್ತಿ ನನಗೂ ಬಂದಿತ್ತು. ಯಾವ ಪೂಜೆಯೂ ಇಲ್ಲದೆ.

ಪ್ಲಗ್ಗು ಕಿತ್ತು, ಹಾಸಿಗೆ ಸುತ್ತಿ, ಹಲಗೆ ಎತ್ತಿದೆವು. ಕೆಳಗೆ ಹಿಂದಿನ ಲೈಟಿಗೆ ಹೋಗುವ ವಾಯರು ಮಲಗಿತ್ತು. ಅದರ ಮೇಲೆ ಮಂಚದ ಕಬ್ಬಿಣದ ಪಟ್ಟಿ. ಭಾರ ಬಿದ್ದಾಗ ಹಲಗೆ ಬಾಗುವುದು, ಪಟ್ಟಿ ವಾಯರನ್ನು ಕಚ್ಚುವುದು. ಕಚ್ಚಿ ಕಚ್ಚಿ ಮೇಲಿನ ಪ್ಲಾಸ್ಟಿಕ್ ಹರಿದು ಒಳಗಿನ ತಾಮ್ರ ಫಳಫಳ ಕಾಣುತ್ತಿತ್ತು. ಕೂತರೆ ತಾಮ್ರ ಕಬ್ಬಿಣಕ್ಕೆ, ಕಬ್ಬಿಣ ಇಡೀ ಗಾಡಿಗೆ. ಮೊದಲೆರಡು ಊರಲ್ಲಿ ಆ ಮೂರನೆಯ ಪಿನ್ನು ಸೋರಿದ್ದನ್ನು ಭೂಮಿಗೆ ಒಯ್ಯುತ್ತಿತ್ತು, ಸ್ವಿಚ್ಚು ಅದನ್ನು ಕಂಡು ಬೀಳುತ್ತಿತ್ತು. ಇಲ್ಲಿ ಪಿನ್ನೂ ಇಲ್ಲ, ಸ್ವಿಚ್ಚೂ ಇಲ್ಲ. ಭೂಮಿಗೆ ದಾರಿ ತೋರಿಸಲು ಪಾಪ ಚಿಗವ್ವನೇ ಬರಬೇಕಾಯಿತು.

ಮಂಚ ಮೊದಲಿನ ಎತ್ತರದಲ್ಲೇ ಇದ್ದಿದ್ದರೆ ವಾಯರಿಗೆ ಏನೂ ಆಗುತ್ತಿರಲಿಲ್ಲ. ನಾಲ್ಕು ಬೆರಳು ಇಳಿಸಿದವರು ಯಾರೆಂದು ನಾನು ಹೇಳಬೇಕಾಗಿರಲಿಲ್ಲ. ಇವರು ಹಲಗೆ ಹಿಡಿದುಕೊಂಡು ಹಾಗೇ ಕೂತಿದ್ದರು. ಅತ್ತೆ ಬಗ್ಗಿ ವಾಯರನ್ನು ನೋಡಿದರು, ಮಗನನ್ನು ನೋಡಿದರು, ಎಲ್ಲ ತಿಳಿಯಿತು.

“ನನ್ನ ಕಾಲು ನೋಯಬಾರದಂತ ಮಾಡಿದಿ. ಇರಲಿ ಬಿಡು,” ಎಂದರು. ಆಮೇಲೆ ಸೇರಿಸಿದರು: “ಸವದತ್ತಿಗೆ ಒಂದ ಫೋನ್ ಹಚ್ಚು. ಶಾಂತಾಗ ಹೇಳು. ಆಕಿ ಓಣಿಗೆಲ್ಲಾ ಹೇಳತಾಳ.”

ಫೋನ್ ಹಚ್ಚಿದರು. ಚೊಕ್ಕ ವರದಿ ಒಪ್ಪಿಸಿದರು. ಅತ್ತೆ ಪಕ್ಕದಲ್ಲೇ ನಿಂತು, ಸಾಡೇಸಾತಿ ಎಂದವರ ಮನೆಗೆ ಮೊದಲು ಹೋಗಲು ಹೇಳು ಎಂದು ಸೂಚನೆ ಕೊಡುತ್ತಿದ್ದರು.

ರಾಮದುರ್ಗದ ವಾಯರ್‌ಮನ್ ಬಂದು ಹೊಸ ವಾಯರು ಹಾಕಿ, ಪೈಪಿನೊಳಗೆ ತೂರಿಸಿ, ಮಂಚಕ್ಕೆ ಎಟುಕದಂತೆ ಗೋಡೆಯ ಮೇಲೆ ಒಯ್ದ. ಟ್ರಿಪ್ ಸ್ವಿಚ್ಚನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದ. ಲೈಟು ಹತ್ತಿತು. ಆ ಸ್ವಿಚ್ಚಿನ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ, ಸ್ವಿಚ್ಚು ಎಚ್ಚರವಿದೆಯೋ ನಿದ್ದೆ ಹೋಗಿದೆಯೋ ಎಂದು ನೋಡಲು. ನಾನು ಯಾರಿಗೂ ಹೇಳದೆ ಅದನ್ನು ಒತ್ತಿದೆ. ಟಕ್. ಕತ್ತಲು. ಎಲ್ಲರ ತಲೆಯೂ ಒಂದೇ ಸಲಕ್ಕೆ ಅತ್ತೆಯ ಕಡೆ ತಿರುಗಿತು.

ಅತ್ತೆ ಹೊರಗೆ ಚಿಗವ್ವನ ಕಟ್ಟೆಯ ಮೇಲೆ ಚಹಾ ಬಸಿಗೆ ಸುರುವಿಕೊಳ್ಳುತ್ತಿದ್ದರು. ತಲೆ ಎತ್ತದೆ, ಈ ಸಲ ನಾನಲ್ಲ ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಹೊರಡುವ ಮುಂಚೆ ನಮ್ಮ ಮನೆಯವರಿಗೆ ಜ್ಞಾನೋದಯದ ಹುಮ್ಮಸ್ಸು. ಚಿಗವ್ವನ ಮನೆಗೆ ತಾವೇ ಖುದ್ದು ನಿಂತು ಅರ್ಥಿಂಗ್ ಹಾಕಿಸುತ್ತೇನೆ, ಟ್ರಿಪ್ ಸ್ವಿಚ್ಚು ಕೂರಿಸುತ್ತೇನೆ, ಒಂದು ಪೈಸೆ ಬೇಡ, ಅಂಗಳದ ಮೂಲೆಯಲ್ಲಿ ಒಂದು ತಗ್ಗು ತೋಡಿದರೆ ಸಾಕು ಎಂದರು.

ಚಿಗವ್ವ ಶಾಕ್ ಹೊಡೆದ ಅದೇ ಕೈಯಿಂದ ನಮಗೆ ಬುತ್ತಿ ಕಟ್ಟುತ್ತಿದ್ದರು. ತಗ್ಗು ತೋಡಿದರೆ ಮಲ್ಲಿಗೆ ಬಳ್ಳಿಯ ಬೇರು ಹೋಗುತ್ತದೆ ಎಂದರು. ಆಮೇಲೆ ಗಂಟು ಬಿಗಿಯುತ್ತ ಹೇಳಿದರು:

“ಇಷ್ಟ ವರ್ಷ ಈ ಮನ್ಯಾಗ ಯಾರಿಗೂ ಏನೂ ಆಗಿಲ್ಲೋ. ನಿಮ್ಮ ಗಾಡಿ ಬಂದ ಮ್ಯಾಲ ಆತು. ಅದು ಹೋತಂದ್ರ ಮತ್ತೇನೂ ಆಗೂದಿಲ್ಲ.”

ಇವರು ಇನ್ನೂ ವಾದ ಮಾಡುವುದರಲ್ಲಿದ್ದರು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ.

ಶಾಕ್ ಹೊಡೆದರೆ ಬುದ್ಧಿ ಬರುವುದೇ ಖರೆಯಾಗಿದ್ದರೆ, ನಮ್ಮ ತಾಲೂಕುಗಳಲ್ಲಿ ಇಷ್ಟೊತ್ತಿಗೆ ಒಬ್ಬ ದಡ್ಡನಾದರೂ ಉಳಿಯುತ್ತಿದ್ದನೇ?